ಸಾಂಕ್ರಾಮಿಕ ರೋಗದ ಕಾಲದಲ್ಲಿ ಕಿವಿಯ ಆರೈಕೆ ಮತ್ತು ಶಸ್ತ್ರಚಿಕಿತ್ಸೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕೋವಿಡ್-19 ರೋಗವನ್ನು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತು. ಈ ರೋಗದ ಸಂಬಂಧ ಜಾರಿಯಲ್ಲಿದ್ದ ಅಂತಾರಾಷ್ಟ್ರೀಯ ಆರೋಗ್ಯ ತುರ್ತುಸ್ಥಿತಿಯು 2023ರ ಮೇ 5ರಂದು ಕೊನೆಗೊಂಡಿತು. ಈ ಅವಧಿಯಲ್ಲಿ, ಅದರಲ್ಲಿಯೂ 2020ರ ಮಾರ್ಚ್ 25ರಿಂದ ದೇಶದಾದ್ಯಂತ ಜಾರಿಗೊಂಡ ಲಾಕ್‌ಡೌನ್ ದಿನಗಳಲ್ಲಿ, ಆಸ್ಪತ್ರೆಗಳ ಕಿವಿ, ಮೂಗು ಮತ್ತು ಗಂಟಲು ವಿಭಾಗಗಳ ಸೇವೆಯು ಬಹುಮಟ್ಟಿಗೆ ತುರ್ತು ಪ್ರಕರಣಗಳಿಗೆ ಸೀಮಿತಗೊಂಡಿತ್ತು. ದಿನಾಂಕ ನಿಗದಿಯಾಗಿದ್ದ ಕಿವಿಯ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಶ್ರವಣ ಪರೀಕ್ಷೆಗಾಗಿ ಹೆಸರು ನೋಂದಾಯಿಸಿದ್ದವರು ಕಾಯಬೇಕಾಯಿತು. ಇದು ಯಾವುದೋ ಒಂದು ಜಿಲ್ಲೆಯ ಅಥವಾ ರಾಜ್ಯದ ಸಂಗತಿಯಾಗಿರಲಿಲ್ಲ. ಎಲ್ಲ ಬಗೆಯ ಶಸ್ತ್ರಚಿಕಿತ್ಸೆಗಳನ್ನೂ ಒಳಗೊಂಡಂತೆ, ರೋಗದ ಒತ್ತಡ ಅತಿ ಹೆಚ್ಚಾಗಿದ್ದ 12 ವಾರಗಳಲ್ಲಿ ಪ್ರಪಂಚದಾದ್ಯಂತ ಸುಮಾರು 2 ಕೋಟಿ 84 ಲಕ್ಷ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ರದ್ದಾಗುತ್ತವೆ ಅಥವಾ ಮುಂದೂಡಲ್ಪಡುತ್ತವೆ ಎಂದು 2020ರ ಮೇ ತಿಂಗಳಿನಲ್ಲಿ ಅಂತಾರಾಷ್ಟ್ರೀಯ ಸಂಶೋಧಕರ ತಂಡವೊಂದು ಅಂದಾಜು ಮಾಡಿತ್ತು.

ಈ ಮುಂದೂಡಿಕೆಯಿಂದ ಹಲವರಿಗೆ ಹಾನಿಯಾಗಲಿಲ್ಲ. ಆದರೆ ಕಿವಿಯ ಕೆಲವು ತೊಂದರೆಗಳು ದಿನಗಳ ಲೆಕ್ಕದಲ್ಲಿ ಕೈಮೀರುವಂತಹವು. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತೆಂಬ ಭಯದಿಂದ ಮನೆಯಲ್ಲಿಯೇ ಉಳಿದವರು ಅಂತಹ ತೊಂದರೆಯನ್ನು ಗುರುತಿಸದೇ ಹೋದಲ್ಲಿ ಶ್ರವಣಶಕ್ತಿಯನ್ನು, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುವ ಸಂಭವವಿರುತ್ತದೆ. ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂಬುದನ್ನು ವಿವರಿಸುವುದು ಈ ಪುಟದ ಮುಖ್ಯ ಉದ್ದೇಶವಾಗಿರುತ್ತದೆ. ಮುಂದೆ ಉಸಿರಾಟದ ಮೂಲಕ ಹರಡುವ ಬೇರೊಂದು ಸಾಂಕ್ರಾಮಿಕ ತಲೆದೋರಿದಲ್ಲಿಯೂ ಇಲ್ಲಿಯ ವಿವರಗಳಲ್ಲಿ ಬಹುಪಾಲು ಅನ್ವಯವಾಗುತ್ತವೆ.

ಕಿವಿಗೂ ಉಸಿರಾಟದ ಮಾರ್ಗಕ್ಕೂ ಇರುವ ಸಂಬಂಧ

ಮೂಗು ಮತ್ತು ಗಂಟಲಿನ ವೈರಾಣುವಿಗೂ ಕಿವಿಯ ಶಸ್ತ್ರಚಿಕಿತ್ಸೆಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದು. ಹೊರಗೆ ಕಾಣುವ ಕಿವಿಯ ನಾಳವನ್ನು ಚರ್ಮವು ಆವರಿಸಿರುತ್ತದೆ. ಕಿವಿತಮಟೆಯ ಹಿಂದೆ ಇರುವ ಮಧ್ಯಕಿವಿಯನ್ನು ಆವರಿಸಿರುವುದು ಚರ್ಮವಲ್ಲ, ಮೂಗಿನೊಳಗಿರುವಂತಹುದೇ ಲೋಳೆಪೊರೆ. ಯೂಸ್ಟೇಶಿಯನ್ ನಾಳವೆಂಬ ಕಿರಿದಾದ ಕೊಳವೆಯ ಮೂಲಕ ಈ ಪೊರೆಯು ಮೂಗಿನ ಹಿಂಭಾಗದವರೆಗೆ ಅಖಂಡವಾಗಿ ಮುಂದುವರಿಯುತ್ತದೆ. ನೆಗಡಿಯಾದಾಗ ಕಿವಿ ಕಟ್ಟಿದಂತಾಗುವುದು ಇದೇ ಕಾರಣದಿಂದ. ಕಿವಿಯ ಹಿಂದೆ ಕೈಗೆ ತಾಗುವ ಗಟ್ಟಿಯಾದ ಮಾಸ್ಟಾಯ್ಡ್ ಮೂಳೆಯೊಳಗಿನ ಗಾಳಿಗೂಡುಗಳೂ ಮಧ್ಯಕಿವಿಗೆ ಸೇರಿಕೊಂಡಿರುತ್ತವೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು 2020ರ ಜುಲೈನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕೋವಿಡ್ ಸೋಂಕಿದ್ದು ಮೃತಪಟ್ಟ ಮೂವರ ಪೈಕಿ ಇಬ್ಬರ ಮಧ್ಯಕಿವಿ ಅಥವಾ ಮಾಸ್ಟಾಯ್ಡ್ ಭಾಗದಲ್ಲಿ ವೈರಾಣು ಪತ್ತೆಯಾಯಿತು. ಮೂವರ ಪರೀಕ್ಷೆಯು ಬಹಳ ಚಿಕ್ಕ ಅಧ್ಯಯನವೇ ಸರಿ. ಆದರೂ ಶಸ್ತ್ರವೈದ್ಯರು ಅದುವರೆಗೆ ಶಂಕಿಸುತ್ತಿದ್ದ ಅಪಾಯಕ್ಕೆ ಅದು ಆಧಾರವನ್ನು ಒದಗಿಸಿತು.

ಅಪಾಯ ಹೆಚ್ಚುವುದು ಮೂಳೆಯನ್ನು ಕೊರೆಯುವಾಗ. ಮಾಸ್ಟಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುವ ಡ್ರಿಲ್ ಉಪಕರಣವನ್ನು ಬಳಸಲಾಗುತ್ತದೆ. ಮೂಳೆ ಕಾಯದಂತೆ ಅದರ ಮೇಲೆ ಸತತವಾಗಿ ನೀರನ್ನು ಹರಿಸಲಾಗುತ್ತದೆ. ನೀರು, ರಕ್ತ, ಮೂಳೆಯ ಪುಡಿ ಮತ್ತು ಲೋಳೆಪೊರೆಯ ಅಂಶಗಳು ಸೇರಿದ ತುಂತುರು ಎಲ್ಲೆಡೆ ಸಿಡಿಯುತ್ತದೆ. ಅದರ ಅತಿ ಸೂಕ್ಷ್ಮ ಕಣಗಳು ಕೊಠಡಿಯ ಗಾಳಿಯಲ್ಲಿ ತೇಲುತ್ತಿರುತ್ತವೆ. ಶಸ್ತ್ರವೈದ್ಯರ ಮುಖವು ಈ ತುಂತುರಿಗೆ ಸುಮಾರು ಒಂದು ಮೊಳದ ದೂರದಲ್ಲಿರುತ್ತದೆ. ಆದುದರಿಂದಲೇ ಮೂಗು, ಗಂಟಲಿನ ಶಸ್ತ್ರಚಿಕಿತ್ಸೆಗಳ ಜೊತೆಗೆ ಮಾಸ್ಟಾಯ್ಡ್ ಶಸ್ತ್ರಚಿಕಿತ್ಸೆಯನ್ನೂ ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಲಾಯಿತು.

ಕಾಯಬಹುದಾದ ತೊಂದರೆಗಳು

ಕಿವಿತಮಟೆಯಲ್ಲಿ ರಂಧ್ರವಿದ್ದು ಕಿವಿ ಒಣಗಿರುವವರು, ತಮಟೆಗೆ ತೇಪೆ ಹಾಕುವ ಶಸ್ತ್ರಚಿಕಿತ್ಸೆಗಾಗಿ ಕೆಲವು ತಿಂಗಳು ಕಾಯುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಿವಿಯ ಪುಟ್ಟ ಮೂಳೆ ಬಿಗಿದುಕೊಂಡು ಕಿವುಡುತನ ಬಂದಿರುವವರೂ ಶಸ್ತ್ರಚಿಕಿತ್ಸೆ ದೊರೆಯುವವರೆಗೆ ಶ್ರವಣ ಸಾಧನದ ನೆರವು ಪಡೆಯಬಹುದು. ನೋವು, ಸೋರುವಿಕೆ ಇಲ್ಲದ ಗುಗ್ಗೆಯೂ ಕಾಯಬಲ್ಲದು.

ಮಕ್ಕಳ ಮಧ್ಯಕಿವಿಯಲ್ಲಿ ಅಂಟುದ್ರವ ಸೇರಿ ಕೇಳುವಿಕೆ ಮಂದವಾಗುವ ತೊಂದರೆಯ ವಿಷಯದಲ್ಲಿ ಲಾಕ್‌ಡೌನ್ ಅವಧಿಯು ಅನಿರೀಕ್ಷಿತವಾದ ಪಾಠವೊಂದನ್ನು ಕಲಿಸಿತು. ಶಾಲೆ, ಶಿಶುವಿಹಾರಗಳು ಮುಚ್ಚಿದ್ದರಿಂದ ಮಕ್ಕಳಿಗೆ ನೆಗಡಿ ಕಡಿಮೆಯಾಯಿತು. ನೆಗಡಿ ಕಡಿಮೆಯಾದುದರಿಂದ ಮಧ್ಯಕಿವಿಯ ಸೋಂಕು ಮತ್ತು ಅಂಟುದ್ರವದ ತೊಂದರೆಗಳೂ ಇಳಿಮುಖವಾದುದನ್ನು ಹಲವು ದೇಶಗಳ ವೈದ್ಯರು ದಾಖಲಿಸಿದರು. ಕೊಳವೆ ಅಳವಡಿಸುವ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ ಅದರ ಅಗತ್ಯವೇ ಉಳಿಯಲಿಲ್ಲ. ಹೀಗಿದ್ದರೂ ಅಂತಹ ಮಗುವಿನ ಶ್ರವಣ ಪರೀಕ್ಷೆಯನ್ನು ಮತ್ತೆ ಮಾಡಿಸದೆ, ತೊಂದರೆ ತಾನಾಗಿ ವಾಸಿಯಾಯಿತೆಂದು ಪೋಷಕರೇ ತೀರ್ಮಾನಿಸತಕ್ಕದ್ದಲ್ಲ.

ಕಾಯಲಾರದ ತೊಂದರೆಗಳು

ಒಂದು ಕಿವಿಯ ಕೇಳುವ ಶಕ್ತಿ ಥಟ್ಟನೆ, ಮೂರು ದಿನದೊಳಗಾಗಿ ಕುಗ್ಗಿದಲ್ಲಿ ಅದನ್ನು ತುರ್ತು ಸ್ಥಿತಿಯೆಂದೇ ಪರಿಗಣಿಸಬೇಕು. ಬೆಳಿಗ್ಗೆ ಎದ್ದಾಗ ಅಥವಾ ದೂರವಾಣಿಯನ್ನು ಎಂದಿನ ಕಿವಿಗೆ ಹಿಡಿದಾಗ ಇದು ಅರಿವಿಗೆ ಬರುವುದುಂಟು. ಬಹುತೇಕ ರೋಗಿಗಳು ನೆಗಡಿಯಿಂದ ಕಿವಿ ಕಟ್ಟಿದೆ ಅಥವಾ ಗುಗ್ಗೆ ತುಂಬಿದೆ ಎಂದು ಭಾವಿಸಿ ಒಂದೆರಡು ವಾರ ಸುಮ್ಮನಿದ್ದುಬಿಡುತ್ತಾರೆ. ಒಳಕಿವಿಯ ನರಕ್ಕೆ ಸಂಬಂಧಿಸಿದ ಇಂತಹ ಕಿವುಡುತನಕ್ಕೆ ಸ್ಟೀರಾಯ್ಡ್ ಚಿಕಿತ್ಸೆಯನ್ನು ಮೊದಲ ಎರಡು ವಾರಗಳೊಳಗೆ ಆರಂಭಿಸಬೇಕಾಗುತ್ತದೆ. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳಿತು. ಈ ಕಾರಣದಿಂದ ಇಲ್ಲಿ ಒಂದು ಸರಳ ಪರೀಕ್ಷೆಯನ್ನು ತಿಳಿಸುವುದು ಉಚಿತ. ಬಾಯಿ ಮುಚ್ಚಿಕೊಂಡು ಕೆಳದನಿಯಲ್ಲಿ ಗುನುಗಿದಾಗ, ಆ ಧ್ವನಿಯು ಕಟ್ಟಿದ ಕಿವಿಯಲ್ಲಿಯೇ ಜೋರಾಗಿ ಕೇಳಿಸಿದರೆ ಕಾರಣವು ಗುಗ್ಗೆ ಅಥವಾ ಮಧ್ಯಕಿವಿಯ ದ್ರವವಾಗಿರುವ ಸಂಭವ ಹೆಚ್ಚು. ಚೆನ್ನಾಗಿರುವ ಕಿವಿಯಲ್ಲಿ ಜೋರಾಗಿ ಕೇಳಿಸಿದರೆ ನರದ ತೊಂದರೆಯನ್ನು ಶಂಕಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಈ ಪರೀಕ್ಷೆಯು ವೈದ್ಯರ ತಪಾಸಣೆಗೆ ಬದಲಿಯಲ್ಲ. ದೂರವಾಣಿಯಲ್ಲಿ ವೈದ್ಯರಿಗೆ ತಿಳಿಸಲು ಉಪಯುಕ್ತವಾದ ಸುಳಿವು ಮಾತ್ರ.

ಸೋರುವ ಕಿವಿಯ ವಿಷಯದಲ್ಲಿ ಎಚ್ಚರ ಬೇಕಾದುದು ಸೋರುವಿಕೆಯ ಸ್ವರೂಪದ ಬಗ್ಗೆ. ನೆಗಡಿಯಾದಾಗ ಬಂದು ಹೋಗುವ, ವಾಸನೆಯಿಲ್ಲದ, ಲೋಳೆಯಂತಹ ಸ್ರಾವವು ಅಷ್ಟಾಗಿ ಅಪಾಯಕಾರಿಯಲ್ಲ. ಪ್ರಮಾಣದಲ್ಲಿ ಕಡಿಮೆಯಿದ್ದರೂ ದುರ್ವಾಸನೆಯಿಂದ ಕೂಡಿದ, ಆಗಾಗ್ಗೆ ರಕ್ತ ಬೆರೆತ ಕೀವು ಬರುತ್ತಿದ್ದರೆ ಕೊಲೆಸ್ಟಿಯಾಟೋಮ ಎಂಬ ರೋಗವಿರಬಹುದು. ಇದರಲ್ಲಿ ಚರ್ಮವು ಮಧ್ಯಕಿವಿಯೊಳಗೆ ಚೀಲದಂತೆ ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುತ್ತಾ ಹೋಗುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಸಾಂಕ್ರಾಮಿಕದ ಉತ್ತುಂಗದಲ್ಲಿ ಕೆಲವು ವಾರಗಳ ಮಟ್ಟಿಗೆ ಇದನ್ನು ಮುಂದೂಡಬಹುದಾದರೂ ಅಂತಹ ರೋಗಿಯು ತಜ್ಞರ ನಿಗಾದಲ್ಲಿ ಇರಲೇಬೇಕು.

ಅದೇ ರೋಗಿಗೆ ಕಿವಿಯ ಹಿಂದೆ ಕೆಂಪಾದ ಬಾವು ಬಂದು ಕಿವಿಯು ಮುಂದಕ್ಕೆ ಚಾಚಿಕೊಂಡರೆ, ಜ್ವರದೊಡನೆ ತೀವ್ರ ತಲೆನೋವು, ವಾಂತಿ, ಕತ್ತು ಬಿಗಿಯುವಿಕೆ ಕಾಣಿಸಿಕೊಂಡರೆ, ಮುಖದ ಒಂದು ಭಾಗ ಸೊಟ್ಟಗಾದರೆ, ಅಥವಾ ನಿಲ್ಲಲಾಗದಷ್ಟು ತಲೆಸುತ್ತು ಬಂದರೆ, ಕೀವು ಮೂಳೆಯನ್ನು ದಾಟಿದೆಯೆಂದು ತಿಳಿಯಬೇಕು. ಮಿದುಳಿನ ಪೊರೆಯ ಉರಿಯೂತ ಮತ್ತು ಮಿದುಳಿನ ಬಾವು ಇದರ ಮುಂದಿನ ಹಂತಗಳು. ಇಂತಹ ಸಂದರ್ಭದಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಕ್ಕಾಗಿ ಮನೆಯಲ್ಲಿ ಕಾಯುವುದು ತಪ್ಪು. ಸೋಂಕು ಇದ್ದರೂ ಇಲ್ಲದಿದ್ದರೂ ರೋಗಿಯನ್ನು ತುರ್ತು ವಿಭಾಗಕ್ಕೆ ಕೊಂಡೊಯ್ಯತಕ್ಕದ್ದು. ಅಗತ್ಯವಿದ್ದಲ್ಲಿ 108 ಆಂಬ್ಯುಲೆನ್ಸ್ ಸೇವೆಯನ್ನು ಪಡೆಯಬಹುದು.

ಮಧುಮೇಹ ಇರುವ ಹಿರಿಯರಿಗೆ ರಾತ್ರಿ ನಿದ್ದೆಗೆಡಿಸುವಷ್ಟು ಕಿವಿನೋವು ವಾರಗಟ್ಟಲೆ ಮುಂದುವರಿದರೆ ಅದು ತಲೆಬುರುಡೆಯ ತಳದ ಮೂಳೆಗೆ ಹರಡುವ ಸೋಂಕಾಗಿರಬಹುದು. 2021ರ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್ ಬಹುಪಾಲು ಮೂಗು, ಸೈನಸ್ ಮತ್ತು ಕಣ್ಣಿಗೆ ಸಂಬಂಧಿಸಿದುದಾಗಿತ್ತು. ನಿಯಂತ್ರಣದಲ್ಲಿಲ್ಲದ ಮಧುಮೇಹವು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದರ ಶಸ್ತ್ರಚಿಕಿತ್ಸೆಗಳನ್ನು ನಿರ್ವಹಿಸಿದವರೂ ಕಿವಿ, ಮೂಗು ಮತ್ತು ಗಂಟಲಿನ ತಜ್ಞರೇ ಆದುದರಿಂದ, ಕಿವಿಯ ರೋಗಿಗಳ ಸರದಿ ಆ ತಿಂಗಳುಗಳಲ್ಲಿ ಮತ್ತಷ್ಟು ಹಿಂದೆ ಸರಿಯಿತು.

ಮಗುವಿನ ಕಿವಿಗೆ ಕೈಗಡಿಯಾರ ಅಥವಾ ಆಟಿಕೆಯ ಗುಂಡಿಯಾಕಾರದ ಬ್ಯಾಟರಿ ಹೋಗಿದ್ದರೆ ಗಂಟೆಗಳ ಲೆಕ್ಕದಲ್ಲಿ ಒಳಚರ್ಮ ಮತ್ತು ತಮಟೆ ಸುಟ್ಟುಹೋಗುತ್ತವೆ. ಕಿವಿಗೆ ಯಾವ ದ್ರವವನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಆಸ್ಪತ್ರೆಗೆ ಬರುವ ಮುನ್ನ: ದೂರವಾಣಿ ಮತ್ತು ವೀಡಿಯೋ ಸಮಾಲೋಚನೆ

ನೋಂದಾಯಿತ ವೈದ್ಯರು ದೂರಸಂಪರ್ಕದ ಮೂಲಕ ಚಿಕಿತ್ಸೆ ನೀಡುವುದಕ್ಕೆ ಕೇಂದ್ರ ಸರ್ಕಾರವು 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಇ-ಸಂಜೀವಿನಿ ಹೊರರೋಗಿ ಸೇವೆಯು ಆರಂಭಗೊಂಡಿತು. ಸದರಿ ಮಾರ್ಗಸೂಚಿಯಂತೆ ಕೆಲವು ಔಷಧಗಳನ್ನು ಮೊದಲ ಸಮಾಲೋಚನೆಯಲ್ಲಿ ರೋಗಿಯನ್ನು ವೀಡಿಯೋದಲ್ಲಿ ನೋಡಿದ ನಂತರವೇ ಬರೆದುಕೊಡಬಹುದಾಗಿರುತ್ತದೆ. ಆದುದರಿಂದ ಕೇವಲ ಧ್ವನಿ ಕರೆಯಲ್ಲಿ ವೈದ್ಯರು ಔಷಧ ಬರೆಯಲು ನಿರಾಕರಿಸಿದಲ್ಲಿ ಅದನ್ನು ಸೇವೆಯ ನಿರಾಕರಣೆಯೆಂದು ಭಾವಿಸಬಾರದು.

ಈ ಸೇವೆಗೆ ಕಿವಿಯ ವಿಷಯದಲ್ಲಿ ದೊಡ್ಡದೊಂದು ಮಿತಿಯಿದೆ. ಮೊಬೈಲ್ ಕ್ಯಾಮೆರಾದಿಂದ ಕಿವಿತಮಟೆಯನ್ನು ನೋಡಲಾಗುವುದಿಲ್ಲ. ಹೀಗಾಗಿ ರೋಗಿಯ ಮಾತೇ ವೈದ್ಯರಿಗೆ ಆಧಾರ. ತೊಂದರೆ ಯಾವ ಕಿವಿಯಲ್ಲಿ, ಎಂದಿನಿಂದ, ಸೋರುವಿಕೆಯ ಬಣ್ಣ ಮತ್ತು ವಾಸನೆ, ಹಿಂದೆ ತಮಟೆಯಲ್ಲಿ ರಂಧ್ರವಿರುವುದಾಗಿ ಯಾರಾದರೂ ಹೇಳಿದ್ದರೇ, ಮಧುಮೇಹವಿದೆಯೇ, ಸೇವಿಸುತ್ತಿರುವ ಮಾತ್ರೆಗಳಾವುವು ಎಂಬ ವಿವರಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಸೂಕ್ತ. ಹಳೆಯ ಶ್ರವಣ ಪರೀಕ್ಷೆಯ ನಕ್ಷೆಯ ಛಾಯಾಚಿತ್ರವನ್ನು ಕಳುಹಿಸುವುದು ಮತ್ತಷ್ಟು ಸಹಕಾರಿ. ಮಾತ್ರೆಗಳ ಬಗ್ಗೆ ಹೇಳುವಾಗ ಏನನ್ನೂ ಮುಚ್ಚಿಡಬಾರದು. 2020ರ ಆರಂಭದಲ್ಲಿ ಹಲವರು ಕೋವಿಡ್ ತಡೆಗೆಂದು ತಾವಾಗಿಯೇ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇವಿಸಿದರು. ಅದು ಅಪರೂಪವಾಗಿ ಕಿವಿಯಲ್ಲಿ ಗುಂಯ್‌ಗುಡುವಿಕೆ ಮತ್ತು ಶ್ರವಣದೋಷವನ್ನು ಉಂಟುಮಾಡಬಲ್ಲ ಔಷಧ. ಅದರ ಮಾರಾಟವನ್ನು 2020ರ ಮಾರ್ಚ್ ಕೊನೆಯಲ್ಲಿ ನಿರ್ಬಂಧಕ್ಕೆ ಒಳಪಡಿಸಲಾಯಿತು.

ಮನೆಯಲ್ಲಿ ಕಿವಿಯ ಆರೈಕೆ

ಆಸ್ಪತ್ರೆ ದೂರವಾದಾಗ ಮನೆಮದ್ದು ಹತ್ತಿರವಾಗುತ್ತದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡುವ ರೂಢಿ ಹಲವು ಮನೆಗಳಲ್ಲಿ ಇದೆ. ತಮಟೆಯಲ್ಲಿ ರಂಧ್ರವಿದ್ದರೆ ಅದು ನೇರವಾಗಿ ಮಧ್ಯಕಿವಿಗೆ ಇಳಿಯುತ್ತದೆ. ಬಿಸಿ ಹೆಚ್ಚಿದ್ದರೆ ಸುಡುತ್ತದೆ. ಸೋರುವ ಕಿವಿಗೆ ಮನೆಯಲ್ಲಿ ಮಾಡಬಹುದಾದ ಅತ್ಯುತ್ತಮ ಆರೈಕೆಯೆಂದರೆ ಅದನ್ನು ಒಣಗಿಸಿಟ್ಟುಕೊಳ್ಳುವುದು. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯ ಉಂಡೆಯನ್ನು ಕಿವಿಯ ಬಾಯಿಗೆ ಇಟ್ಟು, ಸ್ನಾನದ ನಂತರ ತೆಗೆದುಬಿಡಬೇಕು. ಕೆರೆ, ಬಾವಿ, ಕೊಳಗಳಲ್ಲಿ ಈಜಬಾರದು. ಹೊರಗೆ ಬಂದ ಕೀವನ್ನು ಸ್ವಚ್ಛವಾದ ಬಟ್ಟೆಯ ಬತ್ತಿಯಿಂದ ಒರೆಸಬಹುದೇ ಹೊರತು ಒಳಗೆ ಏನನ್ನೂ ತೂರಿಸಬಾರದು.

ಗುಗ್ಗೆಯು ಕೊಳೆಯಲ್ಲ, ಕಿವಿಯ ನಾಳದ ಚರ್ಮಕ್ಕೆ ರಕ್ಷಣೆ. ಬಹುಪಾಲು ಜನರಲ್ಲಿ ಅದು ತಾನಾಗಿಯೇ ಹೊರಬೀಳುತ್ತದೆ. ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ನುಗಳು ಅದನ್ನು ಒಳಕ್ಕೆ ದೂಡಿ ಗಟ್ಟಿಗೊಳಿಸುತ್ತವೆ. ಗುಗ್ಗೆಯನ್ನು ಹೀರಿ ತೆಗೆಯುವ ವಿಧಾನದಿಂದಲೂ ತುಂತುರು ಏಳಬಹುದೆಂಬ ಶಂಕೆಯಿಂದ 2020ರಲ್ಲಿ ಅನೇಕ ಕಡೆ ಅದನ್ನು ನಿಲ್ಲಿಸಿ, ಮೃದುಗೊಳಿಸುವ ಹನಿಗಳನ್ನು ಕೆಲವು ದಿನ ಹಾಕುವಂತೆ ಸೂಚಿಸಲಾಯಿತು. ತಮಟೆ ಗಟ್ಟಿಯಾಗಿದೆಯೆಂದು ವೈದ್ಯರು ಹಿಂದೆ ಖಚಿತಪಡಿಸಿದ್ದರೆ ಮಾತ್ರ ಈ ಕ್ರಮ ಅನ್ವಯಿಸುತ್ತದೆ.

ಜೀವಂತ ಹುಳು ಹೊಕ್ಕಾಗ, ತಮಟೆಯಲ್ಲಿ ರಂಧ್ರವಿಲ್ಲದವರಿಗೆ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯ ಕೆಲವು ಹನಿ ಹಾಕಿದರೆ ಹುಳು ಸಾಯುತ್ತದೆ. ನಂತರ ವೈದ್ಯರು ಹೊರತೆಗೆಯಬಹುದು. ಹೆಸರುಕಾಳು, ಕಡಲೆ ಮುಂತಾದ ಕಾಳು ಹೋಗಿದ್ದರೆ ನೀರು ಹಾಕಬಾರದು. ನೆನೆದ ಕಾಳು ಉಬ್ಬಿ ನಾಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಆನ್‌ಲೈನ್ ತರಗತಿಗಳ ಕಾಲದಲ್ಲಿ ಮಕ್ಕಳು ದಿನಕ್ಕೆ ಹಲವು ಗಂಟೆ ಇಯರ್‌ಫೋನ್ ಧರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ವಯಸ್ಕರಿಗೆ 80 ಡೆಸಿಬೆಲ್, ಮಕ್ಕಳಿಗೆ 75 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಮಿತಿ.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕೈಗೊಂಡ ಮಾರ್ಪಾಡುಗಳು

ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ನೀಡುವ ರೋಗಿ ಹಾಗೂ ಬಂಧುಗಳಿಗೆ ಈ ವಿವರಗಳು ತಿಳಿದಿದ್ದರೆ ಅನಗತ್ಯ ಭಯ ಕಡಿಮೆಯಾಗುತ್ತದೆ.

ಕಿವಿಯ ಶಸ್ತ್ರಚಿಕಿತ್ಸೆಯನ್ನು ಸೂಕ್ಷ್ಮದರ್ಶಕದ ಮೂಲಕ ನಡೆಸುವುದು ವಾಡಿಕೆ. ಸಾಂಕ್ರಾಮಿಕವು ಇಲ್ಲಿ ವಿಚಿತ್ರವಾದ ಅಡಚಣೆಯೊಂದನ್ನು ತಂದೊಡ್ಡಿತು. ಕಣ್ಣಿನ ರಕ್ಷಣೆಗಾಗಿ ಕನ್ನಡಕ ಅಥವಾ ಮುಖಫಲಕವನ್ನು ಧರಿಸಿದರೆ ಕಣ್ಣು ಸೂಕ್ಷ್ಮದರ್ಶಕದ ಮಸೂರದಿಂದ ದೂರ ಸರಿದು ಕಾಣುವ ವೃತ್ತ ಕಿರಿದಾಗುತ್ತದೆ; ಎನ್-95 ಮುಖಗವಸಿನ ಅಂಚಿನಿಂದ ಬಂದ ಉಸಿರು ಗಾಜಿನ ಮೇಲೆ ಮಂಜು ಹಿಡಿಸುತ್ತದೆ. ಮಿಲಿಮೀಟರಿನ ಅಂತರದಲ್ಲಿ ಮುಖದ ನರ ಹಾದುಹೋಗುವ ಜಾಗದಲ್ಲಿ ಮಬ್ಬಾಗಿ ಕಾಣುವುದು ರೋಗಿಗೆ ಅಪಾಯ. ರಕ್ಷಣೆಯಿಲ್ಲದೆ ಇರುವುದು ವೈದ್ಯರಿಗೆ ಅಪಾಯ.

ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದುದು. ಸೂಕ್ಷ್ಮದರ್ಶಕದ ಕೆಳಮಸೂರಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಬಿಗಿದು, ಅದನ್ನು ರೋಗಿಯ ತಲೆಯ ಸುತ್ತ ಡೇರೆಯಂತೆ ಇಳಿಬಿಟ್ಟು, ವೈದ್ಯರ ಕೈಗಳು ಅದರ ಕೆಳಗಿನಿಂದ ಒಳಹೋಗುವಂತೆ ಮಾಡಲಾಯಿತು. ಒಳಗೆ ಹೀರುಕೊಳವೆಯು ಸತತವಾಗಿ ಚಾಲನೆಯಲ್ಲಿರುತ್ತದೆ. ಮೂಳೆ ಕೊರೆಯುವ ತುಂತುರು ಬಹುಪಾಲು ಈ ಡೇರೆಯೊಳಗೇ ಉಳಿಯುತ್ತದೆ. 2020ರಲ್ಲಿಯೇ ಹಲವು ದೇಶಗಳ ಶಸ್ತ್ರವೈದ್ಯರು ಬಣ್ಣದ ದ್ರವ ಮತ್ತು ಕಣ ಮಾಪಕಗಳನ್ನು ಬಳಸಿ ಇದರ ಪ್ರಯೋಜನವನ್ನು ಪರೀಕ್ಷಿಸಿ ವರದಿ ಮಾಡಿದರು. ವಿಶೇಷ ಯಂತ್ರವನ್ನು ಕೊಳ್ಳಬೇಕಾಗಿರಲಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಿತ್ಯ ಬಳಸುವ ಹೊದಿಕೆಯೇ ಸಾಕಾಗುತ್ತಿತ್ತು.

ಇದರೊಂದಿಗೆ, ಸಾಧ್ಯವಿದ್ದಲ್ಲಿ ಡ್ರಿಲ್ ಬದಲಿಗೆ ಕೈಯಿಂದ ಬಳಸುವ ಉಳಿ ಮತ್ತು ಕೆರೆಯುವ ಸಲಕರಣೆಗಳನ್ನು ಉಪಯೋಗಿಸಲಾಯಿತು. ಕೊರೆಯುವಾಗ ಕೊಠಡಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಸಿಬ್ಬಂದಿ ಇರದಂತೆ ನೋಡಿಕೊಳ್ಳಲಾಯಿತು. ಮೂಳೆ ಕೊರೆಯುವ ಅವಶ್ಯಕತೆಯಿಲ್ಲದ ತಮಟೆಯ ಶಸ್ತ್ರಚಿಕಿತ್ಸೆಯನ್ನು ಪೂರ್ಣ ಅರಿವಳಿಕೆಯ ಬದಲು ಸ್ಥಳೀಯ ಅರಿವಳಿಕೆಯಲ್ಲಿ ನಡೆಸಲು ಆದ್ಯತೆ ನೀಡಲಾಯಿತು. ಹೊಲಿಗೆಗೆ ತಾನಾಗಿ ಕರಗುವ ದಾರವನ್ನೂ, ಕಿವಿಯೊಳಗೆ ಕರಗುವ ತುಂಬುವಸ್ತುವನ್ನೂ ಬಳಸಿದ್ದರಿಂದ ರೋಗಿಯು ಆಸ್ಪತ್ರೆಗೆ ಮರಳಿ ಬರಬೇಕಾದ ಸಂದರ್ಭಗಳು ಕಡಿಮೆಯಾದವು. ಈ ಕೊನೆಯ ಪದ್ಧತಿಯು ದೂರದ ತಾಲ್ಲೂಕುಗಳಿಂದ ಬರುವವರಿಗೆ ಸಾಂಕ್ರಾಮಿಕವಿಲ್ಲದ ದಿನಗಳಲ್ಲಿಯೂ ಅನುಕೂಲಕರವೇ ಆಗಿದೆ.

ಸೋಂಕಿನಿಂದ ಗುಣಮುಖರಾದವರು ಎಷ್ಟು ದಿನ ಕಾಯಬೇಕೆಂಬ ಬಗ್ಗೆ 2021ರ ಮಾರ್ಚ್‌ನಲ್ಲಿ ಮಹತ್ವದ ಅಧ್ಯಯನವೊಂದು ಪ್ರಕಟಗೊಂಡಿತು. 116 ದೇಶಗಳ 1,40,231 ಶಸ್ತ್ರಚಿಕಿತ್ಸಾ ರೋಗಿಗಳ ಮಾಹಿತಿಯನ್ನು ಅದು ಆಧರಿಸಿತ್ತು. ಸೋಂಕು ಪತ್ತೆಯಾದ 7 ವಾರಗಳೊಳಗೆ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಮರಣದ ಪ್ರಮಾಣ ಹೆಚ್ಚಾಗಿರುವುದು ಅದರಿಂದ ಕಂಡುಬಂದಿತು. ಆದುದರಿಂದ ಆಗ ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು 7 ವಾರ ಮುಂದೂಡುವಂತೆ ಸಲಹೆ ನೀಡಲಾಯಿತು. ಲಸಿಕೆ ವ್ಯಾಪಕವಾದ ನಂತರ ಈ ಅವಧಿಯನ್ನು ರೋಗಿಯ ವಯಸ್ಸು, ಇತರ ಕಾಯಿಲೆ ಮತ್ತು ಸೋಂಕಿನ ತೀವ್ರತೆಗೆ ಅನುಗುಣವಾಗಿ ಕಡಿಮೆ ಮಾಡಲಾಯಿತು. ಇತ್ತೀಚೆಗೆ ಸೋಂಕು ತಗಲಿದ್ದಲ್ಲಿ ಅದರ ದಿನಾಂಕವನ್ನು ಅರಿವಳಿಕೆ ತಜ್ಞರಿಗೆ ತಿಳಿಸುವುದು ಇಂದಿಗೂ ಅವಶ್ಯಕ. ದಿನಾಂಕ ಮುಂದಕ್ಕೆ ಹೋದೀತೆಂದು ಅದನ್ನು ಹೇಳದಿರುವುದು ಸ್ವಂತ ಜೀವಕ್ಕೆ ಅಪಾಯ ತಂದುಕೊಂಡಂತೆ.

ಹುಟ್ಟು ಕಿವುಡುತನವಿರುವ ಮಕ್ಕಳು

ಮುಂದೂಡಿಕೆಯ ಬೆಲೆಯನ್ನು ಅತಿ ಹೆಚ್ಚಾಗಿ ತೆರುವವರು ಮಾತು ಕಲಿಯಬೇಕಾದ ವಯಸ್ಸಿನ ಮಕ್ಕಳು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಎಂಬುದು ನವಜಾತ ಶಿಶುಗಳಿಗೆ ಅಂಗೀಕೃತವಾದ ಕ್ರಮ. ಮಿದುಳಿನಲ್ಲಿ ಶ್ರವಣಕ್ಕೆ ಮೀಸಲಾದ ಭಾಗವು ಧ್ವನಿಗೆ ಒಗ್ಗಿಕೊಳ್ಳಲು ಮೊದಲ ಮೂರೂವರೆ ವರ್ಷಗಳು ಅತ್ಯಂತ ಅನುಕೂಲಕರ. ವಯಸ್ಕರಿಗೆ ಆರು ತಿಂಗಳ ವಿಳಂಬವು ಆರು ತಿಂಗಳ ಅನನುಕೂಲವಷ್ಟೇ. ಎರಡು ವರ್ಷದ ಮಗುವಿಗೆ ಅದು ಮತ್ತೆ ದೊರೆಯದ ಕಾಲ.

ಈ ಕಾರಣದಿಂದ, ಶಸ್ತ್ರಚಿಕಿತ್ಸೆಗಳನ್ನು ಪುನರಾರಂಭಿಸುವಾಗ ಚಿಕ್ಕ ಮಕ್ಕಳ ಕಾಕ್ಲಿಯರ್ ಇಂಪ್ಲಾಂಟ್‌ಗೆ ಆದ್ಯತೆ ನೀಡಬೇಕೆಂಬುದು ತಜ್ಞರ ಅಭಿಪ್ರಾಯವಾಗಿತ್ತು. ಬ್ಯಾಕ್ಟೀರಿಯಾದಿಂದ ಮಿದುಳಿನ ಪೊರೆಯ ಉರಿಯೂತ ಬಂದು ಕಿವುಡಾದ ಮಗುವಿನ ವಿಷಯದಲ್ಲಂತೂ ಕಾಯುವ ಪ್ರಶ್ನೆಯೇ ಇಲ್ಲ. ಅಂತಹ ಮಗುವಿನ ಒಳಕಿವಿಯ ಶಂಖಾಕಾರದ ನಾಳದಲ್ಲಿ ವಾರಗಳೊಳಗೆ ಮೂಳೆ ಬೆಳೆಯತೊಡಗಿ, ತಡವಾದರೆ ಸಾಧನವನ್ನು ಅಳವಡಿಸುವುದೇ ಅಸಾಧ್ಯವಾಗಬಹುದು.

ಸಾಧನ ಅಳವಡಿಸಿದ ಮಾತ್ರಕ್ಕೆ ಮಗು ಕೇಳತೊಡಗುವುದಿಲ್ಲ. ಗಾಯ ಮಾಗಿದ ನಂತರ ಸಾಧನವನ್ನು ಚಾಲನೆಗೊಳಿಸಿ, ಹಲವು ಬಾರಿ ಹೊಂದಾಣಿಕೆ ಮಾಡಿ, ವರ್ಷಗಟ್ಟಲೆ ವಾಕ್-ಶ್ರವಣ ತರಬೇತಿ ನೀಡಬೇಕು. ಸಾರಿಗೆ ಸ್ಥಗಿತಗೊಂಡಾಗ ಈ ತರಬೇತಿಯನ್ನು ವೀಡಿಯೋ ಮೂಲಕ ಮುಂದುವರಿಸಬಹುದು. ತಜ್ಞರು ತಾಯಿಗೆ ಹೇಳಿಕೊಟ್ಟು, ತಾಯಿ ಮಗುವಿಗೆ ಕಲಿಸುವ ಈ ಕ್ರಮದಲ್ಲಿ ಅಡಿಗೆಮನೆ, ಅಂಗಳಗಳೇ ತರಗತಿಗಳಾಗುತ್ತವೆ. ಇದು ಪರ್ಯಾಯ ವ್ಯವಸ್ಥೆಯೇ ಆದರೂ ಕೆಲವು ಮಕ್ಕಳಿಗೆ ಆಸ್ಪತ್ರೆಯ ಕೊಠಡಿಗಿಂತ ಚೆನ್ನಾಗಿ ಹೊಂದುತ್ತದೆ.

ಮುಖಗವಸು ಮತ್ತು ಶ್ರವಣದೋಷವುಳ್ಳವರು

ಮುಖಗವಸು ಸೋಂಕನ್ನು ತಡೆಯುವುದರ ಜೊತೆಗೆ ಮಾತನ್ನೂ ಸ್ವಲ್ಪ ತಡೆಯುತ್ತದೆ. 2020ರ ಮಾಪನವೊಂದರ ಪ್ರಕಾರ ಸಾಮಾನ್ಯ ಶಸ್ತ್ರಚಿಕಿತ್ಸಾ ಮುಖಗವಸು ಹೆಚ್ಚಿನ ಕಂಪನಾಂಕದ ಧ್ವನಿಯನ್ನು 3ರಿಂದ 4 ಡೆಸಿಬೆಲ್‌ನಷ್ಟು, ಎನ್-95 ಸುಮಾರು 12 ಡೆಸಿಬೆಲ್‌ನಷ್ಟು ಕುಗ್ಗಿಸುತ್ತದೆ. ಸ, ಶ, ತ, ಪ ಮುಂತಾದ ವ್ಯಂಜನಗಳು ಗುರುತು ಸಿಗುವುದು ಈ ಭಾಗದ ಧ್ವನಿಯಿಂದಲೇ. ತುಟಿಯ ಚಲನೆಯೂ ಕಾಣದಂತಾಗುವುದರಿಂದ ಅಲ್ಪ ಶ್ರವಣದೋಷವನ್ನು ಅದುವರೆಗೆ ಹೇಗೋ ನಿಭಾಯಿಸುತ್ತಿದ್ದವರಿಗೂ ಆಸ್ಪತ್ರೆ, ಬ್ಯಾಂಕು, ಕಚೇರಿಗಳಲ್ಲಿ ಮಾತು ತಿಳಿಯದಾಯಿತು. ಕಿವಿಯ ಚಿಕಿತ್ಸೆಗೆ ಬಂದ ರೋಗಿಗೆ ವೈದ್ಯರ ಮಾತು ಕೇಳಿಸದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಸಂದರ್ಭ ಎಷ್ಟು ಮಾತ್ರಕ್ಕೂ ಸಲ್ಲದು. ಶಸ್ತ್ರಚಿಕಿತ್ಸೆಯ ವಿವರಗಳನ್ನು ಕನ್ನಡದಲ್ಲಿ ಬರೆದುಕೊಡುವಂತೆ, ಅಥವಾ ಸನ್ನೆಭಾಷೆ ಬಲ್ಲ ಬಂಧುವೊಬ್ಬರನ್ನು ಜೊತೆಗೆ ಬಿಡುವಂತೆ ರೋಗಿಗಳು ಕೇಳಬಹುದು.

ಕಿವಿಯ ಹಿಂದೆ ಧರಿಸುವ ಶ್ರವಣ ಸಾಧನವು ಮುಖಗವಸಿನ ದಾರಕ್ಕೆ ಸಿಕ್ಕಿ ಬಿದ್ದುಹೋಗುವುದು ಸಾಮಾನ್ಯ. ತಲೆಯ ಹಿಂದೆ ಕಟ್ಟುವ ಮುಖಗವಸು ಇಂತಹವರಿಗೆ ಮೇಲು. ಸಾಧನದ ಮೇಲೆ ಸ್ಯಾನಿಟೈಸರ್ ಸಿಂಪಡಿಸಬಾರದು. ಒಣಬಟ್ಟೆಯಿಂದ ಒರೆಸಿ, ರಾತ್ರಿ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಇಡತಕ್ಕದ್ದು.

ಸೇವೆಗಳಿಗೆ ಅರ್ಜಿ ಮತ್ತು ಅಗತ್ಯ ದಾಖಲೆಗಳು

ಕರ್ನಾಟಕದಲ್ಲಿ ಕಿವಿಯ ಶಸ್ತ್ರಚಿಕಿತ್ಸೆಯ ವೆಚ್ಚಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ಪಡೆಯಲು ಆಧಾರ್ ಮತ್ತು ಪಡಿತರ ಚೀಟಿ ಅಗತ್ಯವಿರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗೆ ಅಲ್ಲಿಂದ ಶಿಫಾರಸು ಪತ್ರವನ್ನು ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬೇಕು. ತುರ್ತು ಪ್ರಕರಣಗಳಲ್ಲಿ ಶಿಫಾರಸು ಪತ್ರಕ್ಕಾಗಿ ಕಾಯಬೇಕಾಗಿಲ್ಲ.

ಹದಿನೆಂಟು ವರ್ಷದೊಳಗಿನ ಮಕ್ಕಳ ಶ್ರವಣದೋಷದ ತಪಾಸಣೆಯು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿಗೆ ಬರುತ್ತದೆ. ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿಯ ಮೂಲಕ ಮಾಹಿತಿ ಪಡೆಯಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದ್ದು, ಶ್ರವಣ ಪರೀಕ್ಷೆ, ಸಾಧನಗಳ ಆಯ್ಕೆ ಹಾಗೂ ತರಬೇತಿಯನ್ನು ಒದಗಿಸುತ್ತದೆ. ಕೇಂದ್ರದ ಅಡಿಪ್ ಯೋಜನೆಯಡಿ ಅರ್ಹ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ನೆರವು ಲಭ್ಯವಿದ್ದು, ಅದರ ಮುಖ್ಯ ಉಸ್ತುವಾರಿಯನ್ನು ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯು ನೋಡಿಕೊಳ್ಳುತ್ತದೆ. ಈ ಯೋಜನೆಯಲ್ಲಿ ಮಗುವಿನ ವಯಸ್ಸಿಗೆ ಮಿತಿಯಿರುವುದರಿಂದ ಶಸ್ತ್ರಚಿಕಿತ್ಸೆಗಳು ಸ್ಥಗಿತಗೊಂಡಿರುವ ಕಾಲದಲ್ಲಿಯೂ ಅರ್ಜಿಯನ್ನು ಸಲ್ಲಿಸಿಯೇ ಇರುವುದು ಲೇಸು.

ಅಂಗವೈಕಲ್ಯ ಪ್ರಮಾಣಪತ್ರ ಮತ್ತು ವಿಶಿಷ್ಟ ಗುರುತಿನ ಚೀಟಿಗೆ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ ಎರಡೂ ಕಿವಿಗಳಲ್ಲಿ ಮಾತಿನ ಕಂಪನಾಂಕಗಳಲ್ಲಿ 70 ಡೆಸಿಬೆಲ್ ಶ್ರವಣ ನಷ್ಟವಿರುವವರನ್ನು ಕಿವುಡರೆಂದೂ, 60ರಿಂದ 70 ಡೆಸಿಬೆಲ್ ನಷ್ಟವಿರುವವರನ್ನು ಮಂದ ಶ್ರವಣದವರೆಂದೂ ಪರಿಗಣಿಸಲಾಗುತ್ತದೆ. ಇದನ್ನು ಅಳೆಯುವ ಪರೀಕ್ಷೆಗೆ ಧ್ವನಿನಿರೋಧಕ ಕೊಠಡಿ ಬೇಕು. ಅದು ಮುಚ್ಚಿದ ಚಿಕ್ಕ ಕೊಠಡಿಯಾದುದರಿಂದ, ಸಾಂಕ್ರಾಮಿಕದ ಅವಧಿಯಲ್ಲಿ ಒಬ್ಬರ ಪರೀಕ್ಷೆಯಾದ ಮೇಲೆ ಗಾಳಿಯಾಡಿಸಿ ಮುಂದಿನವರನ್ನು ಕರೆಯಲಾಗುತ್ತದೆ. ದಿನವೊಂದಕ್ಕೆ ಕೆಲವೇ ಜನರ ಪರೀಕ್ಷೆ ಸಾಧ್ಯವಾಗುವುದು ಇದರಿಂದಲೇ.

ಶಸ್ತ್ರಚಿಕಿತ್ಸೆಯ ದಿನಾಂಕ ಮುಂದೂಡಲ್ಪಟ್ಟಲ್ಲಿ ರೋಗಿಯು ಕೆಳಕಂಡವುಗಳನ್ನು ಒಂದೇ ಕಡೆ ಇಟ್ಟುಕೊಳ್ಳತಕ್ಕದ್ದು: ಹೊರರೋಗಿ ಚೀಟಿ, ಶ್ರವಣ ಪರೀಕ್ಷೆಯ ನಕ್ಷೆ, ಸಿ.ಟಿ. ಸ್ಕ್ಯಾನ್ ಮಾಡಿಸಿದ್ದಲ್ಲಿ ಅದರ ಚಿತ್ರ ಮತ್ತು ವರದಿ, ಶಿಫಾರಸು ಪತ್ರ. ಮುಂದೂಡಿದ ಕಾರಣ ಹಾಗೂ ಸರದಿಯ ಸಂಖ್ಯೆಯನ್ನು ಹೊರರೋಗಿ ಚೀಟಿಯ ಮೇಲೆಯೇ ಬರೆಸಿಕೊಳ್ಳುವುದು, ದೂರವಾಣಿ ಸಂಖ್ಯೆ ಬದಲಾದಲ್ಲಿ ವಿಭಾಗಕ್ಕೆ ತಿಳಿಸುವುದು ಅವಶ್ಯಕ. ಹೊಸ ದಿನಾಂಕ ದೊರೆತಾಗ ಹಳೆಯ ಶ್ರವಣ ನಕ್ಷೆಯನ್ನೇ ನಂಬದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಲಾಗುತ್ತದೆ. ಕಾಯುತ್ತಿರುವ ಅವಧಿಯಲ್ಲಿ ಮೇಲೆ ವಿವರಿಸಿದ ಅಪಾಯದ ಲಕ್ಷಣಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಸರದಿಯ ನಿಯಮವು ಅನ್ವಯಿಸುವುದಿಲ್ಲ. ರೋಗಿಯು ನೇರವಾಗಿ ತುರ್ತು ವಿಭಾಗಕ್ಕೆ ಹೋಗತಕ್ಕದ್ದು.